ರೈಟ್ ಸಹೋದರರ ಜತೆಗಿದ್ದ ಮೂರನೆಯವನು

ರೈಟ್ ಸಹೋದರರು ಅಂದ ಕೂಡಲೇ ಎಲ್ಲರಿಗೂ ನೆನಪಾಗೋ ತಾರೀಕು 1903ರ ಡಿಸೆಂಬರ್ 17. ಕಿಟ್ಟಿ ಹಾಕ್ ಹತ್ತಿರದ ಮರಳು ದಿಬ್ಬ, ಕೊರೆಯುವ ಗಾಳಿ, 12 ಸೆಕೆಂಡು, 120 ಅಡಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಆದರೆ ವಿಮಾನದ ಇತಿಹಾಸದಲ್ಲಿ ಅಷ್ಟೇ ಮುಖ್ಯ ಅಂತ ನನಗೆ ಅನ್ನಿಸೋ ಇನ್ನೊಂದು ತಾರೀಕಿದೆ: 1904ರ ಜನವರಿ 22. ಅವತ್ತು ಯಾರೂ ಹಾರಲಿಲ್ಲ. ಅಣ್ಣ ವಿಲ್ಬರ್ ರೈಟ್ ತನ್ನೂರು ಡೇಟನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಒಬ್ಬ ವಕೀಲನ ಎದುರು ಕೂತ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಹೊಸೂರಿಗೆ ಹೋಗಿಬಂದ ಹಾಗೆ. ಆ ವಕೀಲನ ಹೆಸರು ಹ್ಯಾರಿ ಆಬ್ರಿ ಟೂಲ್ಮಿನ್.

ಸ್ವಂತ ಕಂಪನಿ ಶುರು ಮಾಡಿರೋ ಗೆಳೆಯರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ: "ಪೇಟೆಂಟ್ ಮಾಡಿಸಬೇಕು, ಒಳ್ಳೇ ಅಟಾರ್ನಿ ಯಾರು?" ಹೆಸರು ಹೇಳೋದು ಸುಲಭ. ಆದರೆ "ಒಳ್ಳೇ" ಅಂದ್ರೆ ಏನು ಅನ್ನೋದಕ್ಕೆ ನನಗೆ ಟೂಲ್ಮಿನ್ ಕತೆಗಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ.

ವಿಲ್ಬರ್ ಮತ್ತು ಆರ್ವಿಲ್ ಪೆದ್ದರಲ್ಲ. ಸೈಕಲ್ ಅಂಗಡಿ ಇಟ್ಟು, ತಮ್ಮದೇ ಬ್ರ್ಯಾಂಡಿನ ಸೈಕಲ್ ಮಾಡಿ ಮಾರುತ್ತಿದ್ದ ವ್ಯಾಪಾರಸ್ಥರು. ಲೆಕ್ಕ ಗೊತ್ತು, ಯಂತ್ರ ಗೊತ್ತು, ಚೆನ್ನಾಗಿ ಬರೆಯೋಕೂ ಗೊತ್ತು. ಹಾಗಾಗಿ 1903ರ ಮಾರ್ಚ್‌ನಲ್ಲಿ, ಅಂದರೆ ಎಂಜಿನ್ ಇಟ್ಟು ಹಾರೋದಕ್ಕೂ ಒಂಬತ್ತು ತಿಂಗಳು ಮೊದಲೇ, ತಮ್ಮ 1902ರ ಗ್ಲೈಡರ್ ಆಧಾರದ ಮೇಲೆ ಪೇಟೆಂಟ್ ಅರ್ಜಿಯನ್ನು ತಾವೇ ಬರೆದು ಕಳಿಸಿದರು. ವಕೀಲರಿಗೆ ಯಾಕೆ ದುಡ್ಡು ಕೊಡಬೇಕು, ನಮ್ಮ ಯಂತ್ರದ ಬಗ್ಗೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅನ್ನೋ ಲೆಕ್ಕಾಚಾರ ಇವತ್ತಿನ ಯಾವ ಸ್ಟಾರ್ಟಪ್‌ಗೂ ಹೊಸದಲ್ಲ.

ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಚಿತ್ರಗಳು ಸಾಲದು, ವಿವರಣೆ ಅಸ್ಪಷ್ಟ, ಈ ಯಂತ್ರ ಹೇಳಿದ ಕೆಲಸ ಮಾಡುವಂಥದ್ದೇ ಅಲ್ಲ ಅಂತ ಉತ್ತರ ಬಂತು. ಹಾರುವ ಯಂತ್ರ ಕಂಡುಹಿಡಿದಿದ್ದೇವೆ ಅಂತ ಹೇಳಿಕೊಳ್ಳುವವರ ಅರ್ಜಿಗಳನ್ನು ನೋಡಿ ನೋಡಿ ಆ ಪರೀಕ್ಷಕರು ಬೇಸತ್ತಿದ್ದ ಕಾಲ ಅದು. ಸಹೋದರರು ಮರುಪತ್ರ ಬರೆದರೂ ಪ್ರಯೋಜನ ಆಗಲಿಲ್ಲ. ನುರಿತ ವಕೀಲರನ್ನು ಹಿಡಿಯಿರಿ ಅನ್ನೋ ಸಲಹೆಯೂ ಬಂತು.

ಇಲ್ಲಿ ಒಂದು ಮಾತು ಗಮನಿಸಿ. ಸಹೋದರರ ಆವಿಷ್ಕಾರದಲ್ಲಿ ಯಾವ ದೋಷವೂ ಇರಲಿಲ್ಲ. ಆ ಗ್ಲೈಡರ್ ಹಾರಿತ್ತು, ತಿರುಗಿತ್ತು, ಹೇಳಿದ ಮಾತು ಕೇಳಿತ್ತು. ದೋಷ ಇದ್ದದ್ದು ಕಾಗದದಲ್ಲಿ. ಯಂತ್ರ ಕಟ್ಟುವ ಭಾಷೆ ಬೇರೆ, ಹಕ್ಕು ಕೇಳುವ ಭಾಷೆ ಬೇರೆ.

ಟೂಲ್ಮಿನ್ ವಾಷಿಂಗ್ಟನ್ನಿನ ದೊಡ್ಡ ಕುಳ ಅಲ್ಲ, ನ್ಯೂಯಾರ್ಕಿನ ಹೆಸರಾಂತ ಸಂಸ್ಥೆಯವನೂ ಅಲ್ಲ. ಸ್ಪ್ರಿಂಗ್‌ಫೀಲ್ಡ್ ಆಗ ಕೃಷಿ ಯಂತ್ರೋಪಕರಣಗಳ ಕಾರ್ಖಾನೆಗಳಿಗೆ ಹೆಸರಾದ ಊರು. ಕೊಯ್ಲಿನ ಯಂತ್ರ ಮಾಡುವ ಜನ ಇದ್ದ ಕಡೆ ಪೇಟೆಂಟ್ ವಕೀಲನಿಗೂ ಕೆಲಸ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಲಿವರ್, ಹಗ್ಗ, ತಿರುಗಣೆಗಳನ್ನು ಓದೋಕೆ ಬರುವ ಮನುಷ್ಯ ಬೇಕಿತ್ತು, ಹತ್ತಿರದಲ್ಲೇ ಸಿಕ್ಕ.

ವಿಲ್ಬರ್ ಅವನ ಹತ್ತಿರ ಹೋಗುವಾಗ ಡಿಸೆಂಬರ್‌ನ ಹಾರಾಟ ಮುಗಿದು ಐದು ವಾರ ಆಗಿತ್ತು. ಕೈಯಲ್ಲಿ ಎಂಜಿನ್ ಇರುವ ವಿಮಾನ ಇತ್ತು. ಸಾಮಾನ್ಯ ವಕೀಲನಾಗಿದ್ದರೆ "ಅದನ್ನೇ ಪೇಟೆಂಟ್ ಮಾಡಿಸೋಣ, ಜಗತ್ತಿನ ಮೊದಲ ವಿಮಾನ!" ಅಂತ ಕುಣಿದಾಡುತ್ತಿದ್ದನೇನೋ. ಟೂಲ್ಮಿನ್ ಬೇಡ ಅಂದ. ಎಂಜಿನ್ ಬಿಡಿ, ನಿಯಂತ್ರಣ ವ್ಯವಸ್ಥೆಗೇ ಅಂಟಿಕೊಳ್ಳಿ ಅಂದ.

ಅವನ ಲೆಕ್ಕ ಅರ್ಥವಾಗಬೇಕಾದರೆ ರೈಟ್ ಸಹೋದರರು ನಿಜವಾಗಿ ಏನು ಕಂಡುಹಿಡಿದರು ಅಂತ ನೋಡಬೇಕು. ರೆಕ್ಕೆ ಆಗಲೇ ಇತ್ತು. ಎಂಜಿನ್ ಕಾರುಗಳಲ್ಲಿ ಇತ್ತು, ಇನ್ನೈದು ವರ್ಷಕ್ಕೆ ಇನ್ನೂ ಒಳ್ಳೆಯದು ಬರುವುದಿತ್ತು. ಇಲ್ಲದೇ ಇದ್ದದ್ದು ಗಾಳಿಯಲ್ಲಿ ವಾಲದೆ ನಿಲ್ಲುವ, ಬೇಕಾದ ಕಡೆ ವಾಲಿ ತಿರುಗುವ ಉಪಾಯ. ಸೈಕಲ್ ಓಡಿಸುವವನಿಗೆ ಗೊತ್ತು, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರಷ್ಟೇ ಸಾಲದು, ಮೈಯನ್ನೂ ಓರೆ ಮಾಡಬೇಕು. ಅದೇ ವಿದ್ಯೆಯನ್ನು ಇವರು ರೆಕ್ಕೆಗೆ ಕಲಿಸಿದರು. ಒಂದು ಬದಿಯ ರೆಕ್ಕೆಯ ಅಂಚನ್ನು ಸ್ವಲ್ಪ ತಿರುಚಿ ಗಾಳಿಗೆ ಹೆಚ್ಚು ಕೋನದಲ್ಲಿ ಒಡ್ಡಿದರೆ ಆ ಬದಿ ಮೇಲೇಳುತ್ತೆ, ಇನ್ನೊಂದು ಬದಿಯದನ್ನು ಉಲ್ಟಾ ತಿರುಚಿದರೆ ಅದು ಇಳಿಯುತ್ತೆ. ಹಾಗೆ ಮಾಡಿದಾಗ ವಿಮಾನದ ಮೂತಿ ಬೇಡದ ದಿಕ್ಕಿಗೆ ಎಳೆಯದಿರಲಿ ಅಂತ ಹಿಂದೆ ಒಂದು ಚಲಿಸುವ ಚುಕ್ಕಾಣಿ. ಇಷ್ಟೇ ಗುಟ್ಟು.

ಮುಂದೆ ಯಾರು ಯಾವ ಎಂಜಿನ್ ಹಾಕಿ ವಿಮಾನ ಮಾಡಿದರೂ ಈ ಸಮತೋಲನದ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಊರಿಗೆಲ್ಲ ಇರೋದು ಒಂದೇ ಸೇತುವೆ ಅಂದಮೇಲೆ ಕಾವಲು ಕೂರಬೇಕಾದ ಜಾಗ ಸೇತುವೆಯೇ. ಟೂಲ್ಮಿನ್ ಅಲ್ಲಿ ಕೂತ. ಅಷ್ಟೇ ಅಲ್ಲ, ಸಹೋದರರು ರೆಕ್ಕೆಯನ್ನೇ ತಿರುಚುತ್ತಿದ್ದರು, ಆದರೆ ಪೇಟೆಂಟ್ ಬರೆಯುವಾಗ ಅದಕ್ಕಷ್ಟೇ ಸೀಮಿತ ಮಾಡಲಿಲ್ಲ. ರೆಕ್ಕೆಯ ಎರಡು ತುದಿಗಳ ಕೋನವನ್ನು ವಿರುದ್ಧ ದಿಕ್ಕಿನಲ್ಲಿ ಬದಲಿಸುವ ಯಾವ ರಚನೆಯಾದರೂ ಸರಿ, ಅದೂ ನಮ್ಮದೇ ಅನ್ನೋ ಅರ್ಥ ಬರುವಂತೆ ಬರೆದ. ಅಂದರೆ ತನ್ನ ಕಕ್ಷಿದಾರರು ಇವತ್ತು ಏನು ಮಾಡುತ್ತಿದ್ದಾರೆ ಅನ್ನೋದಕ್ಕಿಂತ, ನಾಳೆ ಇದನ್ನು ನೋಡಿದವನು ಏನು ಬದಲಾಯಿಸಿ ತಪ್ಪಿಸಿಕೊಳ್ಳಬಹುದು ಅನ್ನೋದನ್ನು ಯೋಚಿಸಿದ. ಜೊತೆಗೆ ಯುರೋಪಿನಲ್ಲೂ ಅರ್ಜಿ ಹಾಕಿಸಿದ, ಪೇಟೆಂಟ್ ಕೈಗೆ ಬರೋವರೆಗೂ ವಿವರಗಳನ್ನು ಯಾರಿಗೂ ಬಿಟ್ಟುಕೊಡಬೇಡಿ ಅಂದ. 1906ರ ಮೇ 22ರಂದು ಅಮೆರಿಕದ ಪೇಟೆಂಟ್ ಸಂಖ್ಯೆ 8,21,393 ಬಂತು. ಆಗಿನ ಕಾನೂನಿನ ಪ್ರಕಾರ 17 ವರ್ಷದ ಹಕ್ಕು.

ಎರಡೇ ವರ್ಷದಲ್ಲಿ ಪರೀಕ್ಷೆ ಬಂತು. ಮೋಟರ್‌ಸೈಕಲ್ ತಯಾರಕ ಗ್ಲೆನ್ ಕರ್ಟಿಸ್, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮುಂತಾದವರ ತಂಡ ಸೇರಿ ವಿಮಾನ ಕಟ್ಟುತ್ತಿದ್ದ. ಇವರು ರೆಕ್ಕೆ ತಿರುಚಲಿಲ್ಲ. ರೆಕ್ಕೆಯ ತುದಿಗೆ ಪುಟ್ಟ ಮಡಚು ಹಲಗೆ ಇಟ್ಟರು. ಇವತ್ತು ನೀವು ವಿಮಾನದ ಕಿಟಕಿ ಪಕ್ಕ ಕೂತಾಗ ರೆಕ್ಕೆಯ ತುದಿಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡೋದು ಕಾಣುತ್ತಲ್ಲ, ಐಲರಾನ್, ಅದೇ. ನಮ್ಮದು ಬೇರೆಯೇ ಯಂತ್ರ ಅನ್ನೋದು ಕರ್ಟಿಸ್ ವಾದ. 1909ರಲ್ಲಿ ರೈಟ್ ಸಹೋದರರು ದಾವೆ ಹೂಡಿದರು. 1913ರಲ್ಲಿ ನ್ಯಾಯಾಧೀಶ ಜಾನ್ ಹೇಜಲ್, 1914ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಇಬ್ಬರೂ ಒಪ್ಪಿದ್ದು ರೈಟ್ ಪೇಟೆಂಟನ್ನೇ. ಹತ್ತು ವರ್ಷದ ಹಿಂದೆ ಸಣ್ಣ ಊರಿನ ವಕೀಲ ಬರೆದ ಸಾಲುಗಳು ಆಗಿನ್ನೂ ಹುಟ್ಟಿರದ ನಕಲನ್ನೂ ಹಿಡಿದು ಹಾಕಿದವು.

ಇಲ್ಲಿಗೆ ಕತೆ ಮುಗಿದಿದ್ದರೆ "ಟೂಲ್ಮಿನ್ ಥರದವರನ್ನು ಹುಡುಕಿ" ಅಂತ ಹೇಳಿ ನಾನೂ ಮುಗಿಸಬಹುದಿತ್ತು. ಆದರೆ ಇನ್ನೂ ಮೂರು ತಿರುವುಗಳಿವೆ.

ಮೊದಲನೆಯದು ಜರ್ಮನಿಯಲ್ಲಿ. 1912ರಲ್ಲಿ ಅಲ್ಲಿ ರೈಟ್ ಪೇಟೆಂಟ್‌ಗೆ ಪೆಟ್ಟು ಬಿತ್ತು. ಕಾರಣ ಏನು ಗೊತ್ತಾ? 1901ರಲ್ಲಿ ವಿಲ್ಬರ್ ಷಿಕಾಗೋದಲ್ಲಿ ಎಂಜಿನಿಯರುಗಳ ಮುಂದೆ ಮಾಡಿದ ಭಾಷಣ, 1903ರಲ್ಲಿ ಅವರ ಹಿತೈಷಿ ಆಕ್ಟೇವ್ ಚನೂಟ್ ಪ್ಯಾರಿಸ್ಸಿನಲ್ಲಿ ಮಾಡಿದ ಭಾಷಣ. ಗುಟ್ಟು ಮೊದಲೇ ಬಹಿರಂಗ ಆಗಿದೆ, ಇನ್ನು ಹೊಸದೇನು ಅಂದರು. ಟೂಲ್ಮಿನ್ ಬಾಯಿ ಕಟ್ಟಿಸಿದ್ದು 1904ರಲ್ಲಿ. ಅಷ್ಟರಲ್ಲಿ ಕೋಟೆ ಸೂರೆ ಹೋಗಿತ್ತು, ದಿಡ್ಡಿ ಬಾಗಿಲು ಹಾಕಿದ್ದಷ್ಟೇ ಬಂತು. ಎಷ್ಟೇ ಜಾಣ ಅಟಾರ್ನಿಯಾದರೂ ನೀವು ಈಗಾಗಲೇ ಆಡಿದ ಮಾತನ್ನು ವಾಪಸ್ ತಂದುಕೊಡಲಾರ. ನಮ್ಮಲ್ಲೂ ಅರ್ಜಿ ಹಾಕುವ ಮೊದಲು ಬಹಿರಂಗ ಆದದ್ದು, ಕೆಲವು ಸಣ್ಣ ವಿನಾಯಿತಿ ಬಿಟ್ಟರೆ, ಪೇಟೆಂಟ್‌ಗೆ ಮುಳುವೇ. ಸಮಾವೇಶದ ವೇದಿಕೆ, ಹೂಡಿಕೆದಾರರಿಗೆ ಕಳಿಸೋ ಸ್ಲೈಡು, ಲಿಂಕ್ಡ್‌ಇನ್ ಪೋಸ್ಟು, ಇವಕ್ಕೆಲ್ಲ ಮೊದಲು ಅಟಾರ್ನಿ ಬರಬೇಕು, ಆಮೇಲಲ್ಲ. ಪೂರ್ತಿ ಅರ್ಜಿ ಸಿದ್ಧವಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ 12 ತಿಂಗಳು ಸಮಯ ಪಡೆಯೋ ಅವಕಾಶ ಭಾರತದಲ್ಲಿದೆ.

ಎರಡನೆಯ ತಿರುವು ಎದುರು ಪಾಳಯದ ವಕೀಲ. ಕರ್ಟಿಸ್ ಸೋಲಿನ ಅಂಚಿನಲ್ಲಿದ್ದಾಗ ಹೆನ್ರಿ ಫೋರ್ಡ್ ಅವನಿಗೆ ತನ್ನ ಪೇಟೆಂಟ್ ವಕೀಲ ಬೆಂಟನ್ ಕ್ರಿಸ್ಪ್‌ನನ್ನು ಜೋಡಿಸಿಕೊಟ್ಟ. ಇಡೀ ಕಾರು ಉದ್ಯಮದ ಮೇಲೆ ಹಕ್ಕು ಸಾಧಿಸುತ್ತಿದ್ದ ಸೆಲ್ಡನ್ ಪೇಟೆಂಟ್ ವಿರುದ್ಧ ಫೋರ್ಡ್ ಆಗಷ್ಟೇ ಗೆದ್ದಿದ್ದ. ಕ್ರಿಸ್ಪ್ ತೀರ್ಪನ್ನು ಅಕ್ಷರ ಅಕ್ಷರ ಓದಿದ. ಎರಡೂ ಬದಿಯ ಹಲಗೆಗಳು ಒಟ್ಟಿಗೆ ವಿರುದ್ಧ ದಿಕ್ಕಿಗೆ ಆಡೋದು ತಾನೇ ತಪ್ಪು? ಹಾಗಾದರೆ ಒಂದು ಸಲಕ್ಕೆ ಒಂದೇ ಆಡಲಿ ಅಂದ! ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನೋ ಆಟ. ಹಳೆಯ ತೀರ್ಪು ಅಲ್ಲೇ ಉಳಿಯಿತು, ರೈಟ್ ಕಂಪನಿ ಮತ್ತೆ ಮೊದಲಿಂದ ದಾವೆ ಹೂಡಬೇಕಾಯಿತು. ಪೇಟೆಂಟ್ ಬರೆಯುವವನ ಪ್ರತಿಭೆ ಬೇರೆ, ಕೋರ್ಟಿನಲ್ಲಿ ಕಾದಾಡುವವನ ಪ್ರತಿಭೆ ಬೇರೆ ಅನ್ನೋದು ಇಲ್ಲಿ ಕಾಣುತ್ತೆ. ರೈಟ್ ಪರವಾಗಿಯೂ ಟೂಲ್ಮಿನ್ ಜತೆಗೆ ಫ್ರೆಡರಿಕ್ ಫಿಶ್‌ನಂಥ ಘಟಾನುಘಟಿ ವಕೀಲರು ಬಂದಿದ್ದರು. ಬೆಳೆಯೋ ಕಂಪನಿಗೆ ಎರಡೂ ಥರದವರು ಬೇಕಾಗಬಹುದು, ಆದರೆ ಒಬ್ಬನನ್ನೇ ಎರಡಕ್ಕೂ ನೆಚ್ಚಿಕೊಳ್ಳುವ ಮೊದಲು ಕೇಳಿ ತಿಳಿಯೋದು ಒಳ್ಳೇದು.

ಮೂರನೆಯ ತಿರುವು ಎಲ್ಲಕ್ಕಿಂತ ನೋವಿನದು. ಟೂಲ್ಮಿನ್ ಗುಟ್ಟಾಗಿಡಿ ಅಂದದ್ದು ಪೇಟೆಂಟ್ ಬರೋವರೆಗೆ. ಆದರೆ ಸಹೋದರರು ಅದನ್ನು ಎಳೆದರು. 1905ರ ಅಕ್ಟೋಬರ್‌ನಿಂದ 1908ರ ಮೇವರೆಗೆ ಅವರು ಒಂದು ಸಲವೂ ಹಾರಲಿಲ್ಲ. ಮಾರಾಟದ ಒಪ್ಪಂದ ಆಗದೆ ಯಂತ್ರ ತೋರಿಸೋದಿಲ್ಲ ಅಂತ ಕೂತರು. ಇವರು ಹಾರಿದ್ದೇ ಸುಳ್ಳು ಅಂತ ಪತ್ರಿಕೆಗಳು ಬರೆದವು. ಪೇಟೆಂಟ್ ಬಂದ ಮೇಲೆ ವ್ಯಾಜ್ಯಗಳು. ಅಮೆರಿಕಕ್ಕೆ ಪ್ರದರ್ಶನಕ್ಕೆಂದು ಬಂದ ಫ್ರಾನ್ಸಿನ ವಿಮಾನಿ ಲೂಯಿ ಪೋಲಾನ್ ಹಡಗಿನಿಂದ ಇಳಿಯುವಾಗಲೇ ಕೋರ್ಟಿನ ಕಾಗದ ಕೈಗಿಟ್ಟರು. ವಿಲ್ಬರ್ ವಿಮಾನ ಕಟ್ಟೋದು ಬಿಟ್ಟು ಸಾಕ್ಷಿ ಹೇಳುತ್ತ, ಅಫಿಡವಿಟ್ ತಿದ್ದುತ್ತ ಓಡಾಡಿದ. ಈ ಸಮಯವನ್ನು ಪ್ರಯೋಗಗಳಿಗೆ ಕೊಟ್ಟಿದ್ದರೆ ಎಷ್ಟೆಲ್ಲ ಸಾಧಿಸಬಹುದಿತ್ತು ಅಂತ 1912ರ ಆರಂಭದಲ್ಲಿ ಒಂದು ಪತ್ರದಲ್ಲಿ ಅವನೇ ಕೊರಗಿದ್ದಾನೆ. ಅದೇ ವರ್ಷದ ಮೇ 30ರಂದು ಟೈಫಾಯ್ಡ್‌ನಿಂದ ತೀರಿಕೊಂಡ. ವಯಸ್ಸು 45. ಕೊನೆಯ ತೀರ್ಪು ನೋಡಲು ಅವನು ಇರಲಿಲ್ಲ. ತಮ್ಮ ಆರ್ವಿಲ್ 1915ರಲ್ಲಿ ಕಂಪನಿಯನ್ನೇ ಮಾರಿದ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಸರ್ಕಾರದ ಒತ್ತಾಯದಿಂದ ಎಲ್ಲರ ಪೇಟೆಂಟ್‌ಗಳನ್ನೂ ಒಂದೇ ಕೊಳಕ್ಕೆ ಸುರಿದು ಎಲ್ಲರೂ ಬಳಸುವಂತೆ ಮಾಡಲಾಯಿತು. ಆ ಯುದ್ಧದಲ್ಲಿ ಅಮೆರಿಕದ ಹೋರಾಟದ ವಿಮಾನಿಗಳು ಹತ್ತಿದ್ದು ಹೆಚ್ಚಾಗಿ ಫ್ರಾನ್ಸಿನ ವಿಮಾನ. ಅದಕ್ಕೆ ಈ ವ್ಯಾಜ್ಯ ಎಷ್ಟರ ಮಟ್ಟಿಗೆ ಕಾರಣ ಅನ್ನೋದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳ ಆಡುತ್ತಾರೆ.

ಇದು ಟೂಲ್ಮಿನ್ ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ಅವನು ಮಾಡಿಕೊಟ್ಟದ್ದು ಹರಿತವಾದ ಕತ್ತಿ. ಅದರಿಂದ ದಾರಿ ಮಾಡಿಕೊಳ್ಳಬೇಕಾ, ಲೈಸೆನ್ಸ್ ಕೊಟ್ಟು ಹಣ ಮಾಡಬೇಕಾ, ಇಲ್ಲಾ ಸಿಕ್ಕವರ ಮೇಲೆಲ್ಲ ಬೀಸಬೇಕಾ ಅನ್ನೋದು ಮಾಲೀಕರ ತೀರ್ಮಾನ. ಆದರೂ ಇವತ್ತು ಅಟಾರ್ನಿಯನ್ನು ಆರಿಸುವವರು ಈ ಕತೆಯಿಂದ ಕೆಲವು ಪ್ರಶ್ನೆ ಇಟ್ಟುಕೊಂಡು ಹೋಗಬಹುದು. ಭಾರತದಲ್ಲಿ ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇದ್ದು ಪೇಟೆಂಟ್ ಕಚೇರಿಯ ಪರೀಕ್ಷೆ ಪಾಸಾಗಿರಬೇಕು. ಹಾಗಾಗಿ ಎಂಜಿನಿಯರ್ ಆಗಿರೋದು ದೊಡ್ಡ ವಿಷಯ ಅಲ್ಲ, ನಿಮ್ಮ ಕ್ಷೇತ್ರದ ಎಂಜಿನಿಯರ್ ಹೌದಾ ಅನ್ನೋದು ವಿಷಯ. ಅವರು ಹಿಂದೆ ಬರೆದ ಒಂದೆರಡು ಪೇಟೆಂಟ್ ತೆಗೆದು ಓದಿ, ಅವು ಸಾರ್ವಜನಿಕ ದಾಖಲೆ. ಮೊದಲ ಭೇಟಿಯಲ್ಲಿ ಅವರೇ ಎಷ್ಟು ಪ್ರಶ್ನೆ ಕೇಳುತ್ತಾರೆ ನೋಡಿ. ನೀವು ಹೇಳಿದ್ದನ್ನೆಲ್ಲ ಬರೆದುಕೊಂಡು ಫೀಸು ಹೇಳುವವರಿಗಿಂತ, "ಇದರಲ್ಲಿ ಎಂಜಿನ್ ಯಾಕೆ? ಇದನ್ನು ತೆಗೆದರೂ ನಿಮ್ಮ ಐಡಿಯಾ ಉಳಿಯುತ್ತಾ?" ಅಂತ ಕೆಣಕುವವರು ಮೇಲು. ಪೇಟೆಂಟ್ ಸಿಕ್ಕಮೇಲೆ ಏನು ಮಾಡ್ತೀರಿ ಅಂತಲೂ ಕೇಳಿದರೆ ಇನ್ನೂ ಮೇಲು. ಆ ಕೊನೆಯ ಪ್ರಶ್ನೆಗೆ ಉತ್ತರ ಮಾತ್ರ ಅವರ ಹತ್ತಿರ ಇರೋದಿಲ್ಲ, ನಿಮ್ಮ ಹತ್ತಿರ ಇರಬೇಕು.

1929ರಲ್ಲಿ ರೈಟ್ ಹೆಸರಿನ ಕಂಪನಿಯೂ ಕರ್ಟಿಸ್ ಹೆಸರಿನ ಕಂಪನಿಯೂ ವಿಲೀನವಾಗಿ ಒಂದಾದವು. ಆರ್ವಿಲ್ ಇನ್ನೂ ಬದುಕಿದ್ದ. ಹೊಸ ಕಂಪನಿಯ ಹೆಸರು ಕರ್ಟಿಸ್-ರೈಟ್. ಇವತ್ತಿಗೂ ಇದೆ. ಹೆಸರಿನಲ್ಲಿ ಯಾರು ಮೊದಲು ಬಂದರು ಅನ್ನೋದನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ.