ಕ್ಷಿಪಣಿಗಳ ಕೆಳಗೆ ಒಂದು ಕಲಾಪ್ರಶಸ್ತಿ

ಉಕ್ರೇನಿನ ರಾಜಧಾನಿ ಕೀವ್‌ನ ನಡುಮಧ್ಯೆ, ಬೆಸ್ಸರಾಬ್ಕಾ ಮಾರುಕಟ್ಟೆಗೆ ಸಮೀಪದಲ್ಲಿ, 2006ರಲ್ಲಿ ಆರಂಭವಾದ ಪಿನ್‌ಚುಕ್ ಆರ್ಟ್ ಸೆಂಟರ್ ಎಂಬ ಕಲಾಕೇಂದ್ರವಿದೆ. 2009ರಿಂದ ಅದು 35 ವರ್ಷದೊಳಗಿನ ಉಕ್ರೇನಿಯನ್ ಕಲಾವಿದರಿಗೆ ಒಂದು ಪ್ರಶಸ್ತಿ ಕೊಡುತ್ತ ಬಂದಿದೆ. ಅರ್ಜಿ ಯಾರು ಬೇಕಾದರೂ ಹಾಕಬಹುದು. ಆಯ್ಕೆಯಾದ ಇಪ್ಪತ್ತರಷ್ಟು ಮಂದಿಯ ಕೃತಿಗಳನ್ನು ತಿಂಗಳುಗಟ್ಟಲೆ ಪ್ರದರ್ಶನಕ್ಕಿಡುತ್ತಾರೆ. ಅಂತರರಾಷ್ಟ್ರೀಯ ತೀರ್ಪುಗಾರರು ವಿಜೇತರನ್ನು ಆರಿಸುತ್ತಾರೆ, ನೋಡಲು ಬಂದವರೂ ಮತ ಹಾಕುತ್ತಾರೆ. ಪ್ರವೇಶ ಉಚಿತ. 2022ರ ಫೆಬ್ರವರಿ 24ರಂದು ರಷ್ಯಾ ಪೂರ್ಣಪ್ರಮಾಣದ ದಾಳಿ ಶುರು ಮಾಡಿದ ಮೇಲೂ ಈ ಪದ್ಧತಿ ಕೊನೆಗೊಳ್ಳಲಿಲ್ಲ. 2025ರಲ್ಲೂ ಪ್ರದರ್ಶನ ನಡೆಯಿತು. ಊರಿನ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎನ್ನುವುದಕ್ಕೆ ಆಧಾರ ಉಕ್ರೇನಿನ ಕಲೆಯ ಕಳೆದ ನೂರು ವರ್ಷಗಳಲ್ಲಿದೆ. ಅಲ್ಲಿ ತಲೆಮಾರಿನ ಮೇಲೆ ತಲೆಮಾರಿನ ಕಲಾವಿದರು ಕೃತಿಯ ಸಮೇತ, ಹೆಸರಿನ ಸಮೇತ ಇಲ್ಲವಾಗಿದ್ದಾರೆ. ಇಂಥ ಪ್ರದರ್ಶನವಾದರೋ ಕಲಾವಿದರು ಬದುಕಿರುವಾಗಲೇ, ಎಲ್ಲರ ಕಣ್ಣೆದುರು, ಅವರ ಹೆಸರನ್ನೂ ಕೆಲಸವನ್ನೂ ದಾಖಲೆಗೆ ಸೇರಿಸುತ್ತದೆ.

ಕೀವ್‌ನಲ್ಲಿ ಉಕ್ರೇನಿಯನ್ ಕಲಾ ಅಕಾಡೆಮಿ ಹುಟ್ಟಿದ್ದೂ ಯುದ್ಧದ ನಡುವೆಯೇ, 1917ರ ಡಿಸೆಂಬರಿನಲ್ಲಿ. ಕೆಲವೇ ತಿಂಗಳಲ್ಲಿ ಬೋಲ್ಶೆವಿಕ್ ಸೇನೆಯ ಫಿರಂಗಿ ದಾಳಿಗೆ ಇತಿಹಾಸಕಾರ ಮಿಖಾಯ್ಲೊ ಹ್ರುಶೆವ್ಸ್ಕಿಯ ಮನೆ ಸುಟ್ಟುಹೋಯಿತು. ಅದೇ ಮನೆಯಲ್ಲಿದ್ದ, ಅಕಾಡೆಮಿಯ ಸಂಸ್ಥಾಪಕರಲ್ಲೊಬ್ಬರಾದ ವಸಿಲ್ ಕ್ರಿಚೆವ್ಸ್ಕಿಯವರ ಕಲಾಸಂಗ್ರಹವೂ ಬೂದಿಯಾಯಿತು. ಇನ್ನೊಬ್ಬ ಸಂಸ್ಥಾಪಕ ಒಲೆಕ್ಸಾಂಡರ್ ಮುರಾಶ್ಕೊ 1919ರಲ್ಲಿ ಕೊಲೆಯಾದರು. ಉಳಿದು ಬೆಳೆದವರಲ್ಲಿ ಮುಖ್ಯರು ಮಿಖಾಯ್ಲೊ ಬೊಯ್‌ಚುಕ್. ಬೈಜಾಂಟಿಯಂನ ಧಾರ್ಮಿಕ ಚಿತ್ರಗಳಿಂದಲೂ ಹಳ್ಳಿಯ ಕಲೆಯಿಂದಲೂ ಕಲಿತು ಸಾರ್ವಜನಿಕ ಗೋಡೆಗಳ ಮೇಲೆ ಚಿತ್ರ ಬರೆಯುವ ಒಂದು ಪಂಥವನ್ನೇ ಅವರು ಕಟ್ಟಿದರು. 1937ರ ಜುಲೈನಲ್ಲಿ ಸೋವಿಯತ್ ಆಡಳಿತ ಅವರನ್ನೂ, ಶಿಷ್ಯರಾದ ಇವಾನ್ ಪದಾಲ್ಕಾ ಮತ್ತು ವಸಿಲ್ ಸೆದ್ಲ್ಯಾರರನ್ನೂ ಗುಂಡಿಟ್ಟು ಕೊಂದಿತು. ಡಿಸೆಂಬರಿನಲ್ಲಿ ಬೊಯ್‌ಚುಕ್‌ರ ಪತ್ನಿ, ಕಲಾವಿದೆ ಸೋಫಿಯಾರನ್ನು. ಒಡೆಸ್ಸಾ ಬಳಿಯ ಆರೋಗ್ಯಧಾಮದಲ್ಲಿ, ಹಾರ್ಕಿವ್‌ನ ರಂಗಮಂದಿರದಲ್ಲಿ ಈ ಪಂಥ ಬರೆದ ಭಿತ್ತಿಚಿತ್ರಗಳೂ ಅಳಿದವು. ಕಾಲು ಶತಮಾನದ ನಂತರ, 1964ರಲ್ಲಿ, ಕಲಾವಿದೆ ಅಲ್ಲಾ ಹೊರ್ಸ್ಕಾ ಮತ್ತು ಗೆಳೆಯರು ಕೀವ್ ವಿಶ್ವವಿದ್ಯಾಲಯಕ್ಕೆ ಬಣ್ಣದ ಗಾಜಿನ ಚಿತ್ರವೊಂದನ್ನು ಮಾಡಿಕೊಟ್ಟರು. ಅದರಲ್ಲಿ ಸಿಟ್ಟಾದ ಕವಿ ಶೆವ್‌ಚೆಂಕೊ, ನೊಂದ ಹೆಂಗಸೊಬ್ಬಳನ್ನು ಒಂದು ತೋಳಿನಲ್ಲಿ ಅಪ್ಪಿ, ಇನ್ನೊಂದು ಕೈಯಲ್ಲಿ ಪುಸ್ತಕ ಎತ್ತಿ ಹಿಡಿದಿದ್ದ. ಉದ್ಘಾಟನೆಗೆ ಮುನ್ನವೇ ಅದನ್ನು ಒಡೆದು ಹಾಕಿದರು. 1970ರಲ್ಲಿ ಹೊರ್ಸ್ಕಾ ಅವರ ಕೊಲೆಯೂ ಆಯಿತು.

ಇಷ್ಟಾದರೂ ಕೆಲವು ಕೃತಿಗಳು ಉಳಿದವಲ್ಲ, ಹೇಗೆ? ಮೂವತ್ತರ ದಶಕದ ಕೊನೆಯಲ್ಲಿ ಕೀವ್‌ನ ವಸ್ತುಸಂಗ್ರಹಾಲಯವೊಂದರಲ್ಲಿ 'ವಿಶೇಷ ನಿಧಿ' ಎಂಬ ಗುಪ್ತ ವಿಭಾಗ ತೆರೆದರು. 'ಜನವಿರೋಧಿ' ಎಂಬ ಹಣೆಪಟ್ಟಿ ಹಚ್ಚಿದ ಚಿತ್ರಗಳನ್ನು ಚೌಕಟ್ಟಿನಿಂದ ಬಿಡಿಸಿ, ಸುರುಳಿ ಸುತ್ತಿ ಅಲ್ಲಿ ತುಂಬಿದರು. ದಮನಕ್ಕಾಗಿಯೇ ಮಾಡಿದ್ದರೂ ಅದಕ್ಕೊಂದು ಪಟ್ಟಿಯಿತ್ತು, ಸಂಗ್ರಹಾಲಯದ ಸಿಬ್ಬಂದಿಯಿತ್ತು. 2015ರಲ್ಲಿ ಅದೇ ಸಂಗ್ರಹಾಲಯ ಆ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಪಟ್ಟಿಯೊಂದಿದ್ದರೆ ಸಾಕು ಎಂದು ಇದರರ್ಥವಲ್ಲ. 1952ರಲ್ಲಿ ಲ್ವಿವ್ ಸಂಗ್ರಹಾಲಯದಲ್ಲಿ, ನೋಂದಣಿಯಾದ ಕೃತಿಗಳನ್ನೇ ಅಧಿಕಾರಿಗಳ ಅಪ್ಪಣೆಯಂತೆ ನಾಶ ಮಾಡಿದ್ದುಂಟು. ಆದರೆ ದಾಖಲೆಯೇ ಇಲ್ಲದಿದ್ದರೆ ಏನು ಕಳೆದುಹೋಯಿತೆಂದು ಕೇಳಲೂ ಬರುವುದಿಲ್ಲ. ಈ ಪ್ರಶಸ್ತಿಯ ಪ್ರದರ್ಶನ ಮುಖ್ಯವಾಗುವುದು ಇಲ್ಲೇ.

ಪ್ರಶಸ್ತಿಗೆ ಸುರಿಯುವ ದುಡ್ಡಿನಲ್ಲಿ ಸೈನ್ಯಕ್ಕೆ ಡ್ರೋನ್ ಕೊಳ್ಳಬಹುದಿತ್ತಲ್ಲ ಎಂಬುದು ಬಲವಾದ ಆಕ್ಷೇಪ. ಸಾವಿನ ಮುಂದೆ ಚಿತ್ರದ ಮಾತೇಕೆ ಎಂಬ ಸಂಕಟ ಅದರ ಹಿಂದಿದೆ, ಅದನ್ನು ಹಗುರವಾಗಿ ಕಾಣಲಾಗದು. ಹಾಗಾದರೆ ಈ ಪ್ರಶಸ್ತಿ ಗೆದ್ದವರು ಯುದ್ಧ ಬಂದಾಗ ಏನು ಮಾಡಿದರೆಂದು ನೋಡಬೇಕು. 2013ರ ವಿಜೇತೆ ಝನ್ನಾ ಕದಿರೋವಾ 2022ರಲ್ಲಿ ಕೀವ್ ಬಿಟ್ಟು ಪಶ್ಚಿಮದ ಬೆಟ್ಟದ ಹಳ್ಳಿಯೊಂದಕ್ಕೆ ಹೋದರು. ಅಲ್ಲಿನ ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳನ್ನು ಬ್ರೆಡ್ಡಿನಂತೆ ಹೋಳು ಮಾಡಿ, ಮೇಜಿನ ಮೇಲೆ ಜೋಡಿಸಿದರು. ಊಟಕ್ಕೆ ಕರೆಯುವಂತೆ ಕಾಣುವ, ಹಲ್ಲಿಗೆ ಬಗ್ಗದ ಆ ರೊಟ್ಟಿಗಳು ವೆನಿಸ್‌ನಲ್ಲಿ ಪ್ರದರ್ಶನಗೊಂಡವು. ಮಾರಿ ಬಂದ ಹಣ ದೇಶ ಕಾಯುವವರ ನೆರವಿಗೆ ಹೋಯಿತು. 2011ರ ವಿಜೇತ ನಿಕಿತಾ ಕದಾನ್, ಒಂದು ಕಾಲಕ್ಕೆ ಬಾಂಬ್ ಆಶ್ರಯತಾಣವಾಗಿದ್ದ ಕೀವ್‌ನ ನೆಲಮಾಳಿಗೆ ಗ್ಯಾಲರಿಯೊಂದರಲ್ಲಿ ಯುದ್ಧದ ಮೊದಲ ವಾರಗಳನ್ನು ಕಳೆಯುತ್ತ, ಅಲ್ಲೇ ಇದ್ದ ಕೃತಿಗಳಿಂದ ಪ್ರದರ್ಶನ ಕಟ್ಟಿದರು. 2015ರಲ್ಲಿ ಗೆದ್ದ 'ಓಪನ್ ಗ್ರೂಪ್' ಎಂಬ ಕಲಾವಿದರ ಬಳಗ 2024ರ ವೆನಿಸ್ ಬಿನಾಲೆ ಎಂಬ ಕಲಾಮೇಳದಲ್ಲಿ ಪೋಲೆಂಡಿನ ಮಂಟಪದಲ್ಲಿತ್ತು. ಅವರ ವಿಡಿಯೊದಲ್ಲಿ ಮನೆಮಠ ಬಿಟ್ಟು ಬಂದವರು ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ನಿಂತು, ತಾವು ಕೇಳಿದ ಕ್ಷಿಪಣಿ, ಸೈರನ್‌, ಬಂದೂಕುಗಳ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ಆಮೇಲೆ, ನನ್ನ ಹಿಂದೆ ನೀವೂ ಹೇಳಿ ಎನ್ನುತ್ತಾರೆ. ನೋಡುಗರಿಗಾಗಿ ಅಲ್ಲಿ ಮೈಕುಗಳೂ ಇದ್ದವು. ಯಾವ ಸೇನಾ ವರದಿಯೂ ಆ ಸದ್ದಿನ ನೆನಪನ್ನು ಹೀಗೆ ದಾಟಿಸಲಾರದು. ಇವರೆಲ್ಲರಿಗೂ ಪೂರ್ಣಪ್ರಮಾಣದ ದಾಳಿಗೆ ಮುಂಚೆಯೇ ವೇದಿಕೆ ಕೊಟ್ಟದ್ದು ಈ ಪ್ರಶಸ್ತಿ. ಇಂದಿನ ಇಪ್ಪತ್ತು ಮಂದಿಗೆ ಅದನ್ನು ನಿಲ್ಲಿಸಿದರೆ ಹತ್ತು ವರ್ಷದ ನಂತರದ ಕದಿರೋವಾ ಎಲ್ಲಿಂದ ಬರಬೇಕು?

ಇನ್ನೊಂದು ಆಕ್ಷೇಪ ಹಣದ ಮೂಲದ್ದು. ಈ ಕೇಂದ್ರದ ಸ್ಥಾಪಕ ವಿಕ್ಟರ್ ಪಿನ್‌ಚುಕ್ ಉಕ್ಕಿನ ಕೊಳವೆಗಳ ಉದ್ಯಮಿ, ಮಾಜಿ ಅಧ್ಯಕ್ಷ ಲಿಯೊನಿದ್ ಕುಚ್ಮಾ ಅವರ ಅಳಿಯ. ರಾಜಕೀಯ ನಂಟಿನಲ್ಲಿ ಬೆಳೆದ ಸಿರಿವಂತನೊಬ್ಬ ದೇಶದ ಕಲೆಯ ಪಟ್ಟಿ ಬರೆಯುವುದು ಸರಿಯೇ? ಈ ಮಾತಿನಲ್ಲಿ ಹುರುಳಿದೆ, ನಾನು ಅಲ್ಲಗಳೆಯಲಾರೆ. ಒಬ್ಬರ ಜೇಬನ್ನು ನಂಬಿದ ಸಂಸ್ಥೆ ಒಬ್ಬರ ಮನಸ್ಸು ಬದಲಾದರೆ ಮುಚ್ಚಿಹೋಗಬಹುದು. ಆದರೆ ಉಕ್ರೇನಿನ ಮಟ್ಟಿಗೆ ಕೃತಿಗಳನ್ನು ಅಳಿಸಿದ್ದು, ಚಿತ್ರವನ್ನು ಒಡೆದದ್ದು ಹೆಚ್ಚಾಗಿ ಪ್ರಭುತ್ವವೇ. ಅದಕ್ಕೇ ಪರಿಹಾರ ಈ ಪ್ರಶಸ್ತಿಯನ್ನು ನಿಲ್ಲಿಸುವುದರಲ್ಲಿಲ್ಲ. ಸರ್ಕಾರಿ ಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳೂ ಇದರ ಪಕ್ಕದಲ್ಲಿ ತಮ್ಮದೇ ಪಟ್ಟಿಗಳನ್ನು ಬೆಳೆಸುವುದರಲ್ಲಿದೆ. ಇನ್ನು, ಯುದ್ಧಕಾಲದ ಕಲೆಯೆಲ್ಲ ಪ್ರಚಾರ ಎನ್ನುವವರಿಗೆ ಮೇಲಿನ ಕಲ್ಲಿನ ರೊಟ್ಟಿಯೇ ಸಾಕಷ್ಟು ಉತ್ತರ.

ಕಾಲ ಎಷ್ಟು ಕಡಿಮೆಯಿದೆ ಎಂಬುದಕ್ಕೆ ಹೊಸ ಸಾಕ್ಷಿಯೂ ಇದೆ. ಕ್ರಿವಿ ರಿಹ್ ಊರಿನ ಮಾರ್ಹರಿತಾ ಪೊಲೊವಿಂಕೊ ಬಾಲ್‌ಪೆನ್ನಿನಲ್ಲೂ ತನ್ನದೇ ರಕ್ತದಲ್ಲೂ ಯುದ್ಧದ ಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದೆ. ಆಮೇಲೆ ಸೈನ್ಯ ಸೇರಿ, 2025ರ ಏಪ್ರಿಲ್‌ನಲ್ಲಿ ರಣರಂಗದಲ್ಲಿ ಮಡಿದರು. ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ಕೀವ್‌ನ ಈ ಪ್ರಶಸ್ತಿಯ ಸುದ್ದಿ ಕಣ್ಣಿಗೆ ಬಿದ್ದರೆ ಗೆದ್ದವರ ಹೆಸರಿಗೇ ನಿಲ್ಲಿಸಬೇಡಿ, ಅಂತಿಮ ಪಟ್ಟಿಯಲ್ಲಿರುವ ಎಲ್ಲರ ಹೆಸರನ್ನೂ ಓದಿ.