ಸ್ಥೌಲ್ಯವೂ ಜನಪದವೂ: ಚರಕಸಂಹಿತೆಯ ಎರಡು ಅಧ್ಯಾಯಗಳು

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ‘ಅಷ್ಟೌನಿಂದಿತೀಯ’ವೆಂದೂ ವಿಮಾನಸ್ಥಾನದ 3ನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ವೆಂದೂ ಹೆಸರು. ಮೊದಲನೆಯದು ಸ್ಥೌಲ್ಯವನ್ನು ಒಬ್ಬೊಬ್ಬನ ವ್ಯಾಧಿಯೆಂದು ವಿಚಾರಿಸುತ್ತದೆ. ಎರಡನೆಯದು ನಾಡಿನ ಜನರನ್ನೆಲ್ಲ ಏಕಕಾಲದಲ್ಲಿ ಪೀಡಿಸುವ ವ್ಯಾಧಿಗಳನ್ನು ವಿಚಾರಿಸುತ್ತದೆ. ಇವೆರಡೂ ದೃಢಬಲನು ಪೂರಣಮಾಡಿದ ಭಾಗಕ್ಕೆ ಸೇರಿದವಲ್ಲ. ಒಂದೇ ಗ್ರಂಥದಲ್ಲಿದ್ದರೂ ಬೇರೆಬೇರೆಯಾಗಿಯೇ ನಿಂತಿದ್ದ ಈ ಎರಡು ವಿಚಾರಗಳು ನಮ್ಮ ಕಾಲದಲ್ಲಿ ಕೂಡಿಕೊಂಡ ಬಗೆಯನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಎಂಟು ಬಗೆಯ ನಿಂದಿತ ಶರೀರಗಳಲ್ಲಿ ಅತಿಸ್ಥೂಲ, ಅತಿಕೃಶಗಳೆರಡನ್ನೇ ಆಚಾರ್ಯನು ವಿಶೇಷವಾಗಿ ಎತ್ತಿಕೊಳ್ಳುವನು. ಇಲ್ಲಿ ‘ನಿಂದಿತ’ವೆಂಬುದಕ್ಕೆ ಹಾಸ್ಯಾಸ್ಪದವೆಂದು ಅರ್ಥಮಾಡಲಾಗದು; ಆಯುಸ್ಸಿನ ಹ್ರಾಸ, ದೌರ್ಬಲ್ಯ, ಸ್ವೇದಬಾಧೆ, ಅತಿಯಾದ ಹಸಿವುಬಾಯಾರಿಕೆ ಮೊದಲಾದ ಎಂಟು ದೋಷಗಳನ್ನು ಎಣಿಸಿ, ಚಿಕಿತ್ಸೆಯು ಕಷ್ಟವೆಂದು ಹೇಳಿರುವುದರಿಂದ ವೈದ್ಯನ ದೃಷ್ಟಿಯೇ ಇಲ್ಲಿ ಪ್ರಧಾನವು. ಅತಿಭೋಜನ, ಗುರು-ಮಧುರ-ಸ್ನಿಗ್ಧಾಹಾರ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ರೆ, ನಿಶ್ಚಿಂತತೆ ಇವುಗಳೊಡನೆ ‘ಬೀಜಸ್ವಭಾವ’ವನ್ನೂ ಕಾರಣವಾಗಿ ಹೇಳಿರುವುದು ಗಮನಾರ್ಹವು. ತಂದೆತಾಯಿಗಳಿಂದ ಬಂದುದಕ್ಕೆ ರೋಗಿಯನ್ನು ಹೊಣೆಮಾಡುವುದೆಂತು? ಚಿಕಿತ್ಸೆಯಲ್ಲಿ ಜವೆ, ಹೆಸರು, ಹುರುಳಿಗಳೂ ಕ್ರಮಕ್ರಮವಾಗಿ ಹೆಚ್ಚಿಸತಕ್ಕ ವ್ಯಾಯಾಮವೂ ವಿಹಿತವಾಗಿವೆ. ಇವೆಲ್ಲವೂ ಒಬ್ಬ ರೋಗಿಗೆ ಒಬ್ಬ ವೈದ್ಯನು ಹೇಳುವ ಮಾತುಗಳು.

ಆದರೆ ಒಬ್ಬನ ಸಂಕಲ್ಪಮಾತ್ರದಿಂದ ಇದು ಸಾಧ್ಯವೆ? ಪಾಲಿ ಸಂಯುತ್ತನಿಕಾಯದಲ್ಲಿ ಕೋಸಲರಾಜನಾದ ಪಸೇನದಿಯ ಕಥೆಯುಂಟು. ದ್ರೋಣಪ್ರಮಾಣದ ಅನ್ನವನ್ನುಂಡು ಏದುಸಿರುಬಿಡುತ್ತಿದ್ದ ಆ ಅರಸನು, ಬುದ್ಧನು ಹೇಳಿದ ಗಾಥೆಯನ್ನು ಊಟದ ಹೊತ್ತಿಗೆ ಪಠಿಸಲು ಸುದಸ್ಸನನೆಂಬ ತರುಣನನ್ನು ನಿಯಮಿಸಿ, ಕ್ರಮೇಣ ಊಟವನ್ನು ನಾಳಿಪ್ರಮಾಣಕ್ಕೆ ಇಳಿಸಿದನು. ಅರಸನಿಗೂ ಪಕ್ಕದಲ್ಲಿ ನಿಂತು ಎಚ್ಚರಿಸುವವನೊಬ್ಬನು ಬೇಕಾಯಿತು. ಪ್ರಜೆಗಳನ್ನು ಎಚ್ಚರಿಸುವವರಾರು?

ಈ ಪ್ರಶ್ನೆಗೆ ದಾರಿ ತೋರುವುದು ಜನಪದಾಧ್ಯಾಯವು. ಪಾಂಚಾಲದ ಕಾಂಪಿಲ್ಯದಲ್ಲಿ, ಗಂಗಾತೀರದ ವನದಲ್ಲಿ ಸಂಚರಿಸುತ್ತಿದ್ದ ಆತ್ರೇಯನನ್ನು ಅಗ್ನಿವೇಶನು ಕೇಳುವನು: ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಭಿನ್ನರಾದವರನ್ನು ಒಂದೇ ವ್ಯಾಧಿಯು ಒಮ್ಮೆಗೇ ನಾಶಮಾಡುವುದೆಂತು? ಅವು ಭಿನ್ನವಾದರೂ ವಾಯು, ಉದಕ, ದೇಶ, ಕಾಲಗಳು ಎಲ್ಲರಿಗೂ ಸಾಮಾನ್ಯವೆಂದು ಗುರುವಿನ ಉತ್ತರ. ಇವು ಕೆಡುವುದಕ್ಕೆ ಅಧರ್ಮವು ಮೂಲವೆಂದೂ, ಆ ಅಧರ್ಮವು ದೇಶನಗರಗಳ ಪ್ರಧಾನರಿಂದ ಮೊದಲಾಗುವುದೆಂದೂ ಹೇಳಿದೆ. ಆದರೆ ಸ್ಥೌಲ್ಯವನ್ನು ಈ ಗುಂಪಿನಲ್ಲಿ ಸಂಹಿತೆಯು ಗಣಿಸಲಿಲ್ಲ.

ಆ ಗಣನೆಯು ಈಚಿನದು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಿನೀವಾದಲ್ಲಿ ಕೂಡಿಸಿದ ತಜ್ಞರ ಸಭೆಯ ವರದಿಯು 2000ದಲ್ಲಿ ಅಚ್ಚಾದಾಗ, ಅದರ ಶೀರ್ಷಿಕೆಯೇ ಸ್ಥೌಲ್ಯವನ್ನು ಜಗದ್ವ್ಯಾಪಿಯಾದ ಜನಪದವ್ಯಾಧಿಯೆಂದು ಸಾರಿತು. ಅನಂತರ ಪ್ರಭುತ್ವಗಳು ಕೈಹಾಕಿದುವು. ಮೆಕ್ಸಿಕೋ 2014ರಲ್ಲಿ ಸಕ್ಕರೆಯ ಪಾನೀಯಗಳ ಮೇಲೆ ಲೀಟರಿಗೆ 1 ಪೆಸೋ ತೆರಿಗೆ ಹಾಕಿತು. ಚಿಲಿ 2016ರಲ್ಲಿ ಪೊಟ್ಟಣಗಳ ಮೇಲೆ ಕಪ್ಪು ಎಚ್ಚರಿಕೆಯ ಮುದ್ರೆಯನ್ನು ಕಡ್ಡಾಯಮಾಡಿತು. ಬ್ರಿಟನ್ನಿನಲ್ಲಿ 2018ರಿಂದ ಸಕ್ಕರೆಯ ಪ್ರಮಾಣಾನುಸಾರವಾಗಿ ಸುಂಕವು ಬಂದಿತು. ಅದನ್ನು ತಪ್ಪಿಸಿಕೊಳ್ಳಲು ತಯಾರಕರೇ ಸಕ್ಕರೆಯನ್ನು ಕಡಮೆಮಾಡಿದರು. ಭಾರತದ 2020ರ ನಿಯಮಗಳು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾದ ತಿಂಡಿಗಳ ಮಾರಾಟವನ್ನು ನಿಷೇಧಿಸಿದುವು.

ನಮ್ಮ ದೇಶಕ್ಕೆ ಇದು ಅನಾವಶ್ಯಕವೆನ್ನುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಧಿಕತೂಕದ ಸ್ತ್ರೀಯರು 2015-16ರಲ್ಲಿ ನೂರಕ್ಕೆ 20.6, 2019-21ರಲ್ಲಿ 24. ಐದು ವರ್ಷದೊಳಗಿನ ಮಕ್ಕಳು 2.1ರಿಂದ 3.4ಕ್ಕೆ ಏರಿದರು. ಎರಡನೆಯ ಸಮೀಕ್ಷೆಯಲ್ಲಿಯೇ ನೂರಕ್ಕೆ 18.7 ಸ್ತ್ರೀಯರು ಕೃಶರು. ಚರಕನು ಒಟ್ಟಿಗೆ ಹೇಳಿದ ಇಬ್ಬರು ನಿಂದಿತರೂ ಒಂದೇ ನಾಡಿನಲ್ಲಿ ಒಟ್ಟಿಗೆ ಇರುವರು.

ಉಣ್ಣುವುದು ಅವರವರ ಇಚ್ಛೆ, ತಪ್ಪಿದರೆ ಪ್ರಜ್ಞಾಪರಾಧವೆಂದು ಕೆಲವರು ಆಕ್ಷೇಪಿಸಬಹುದು. ಪ್ರಾಯಸ್ಥರ ವಿಷಯದಲ್ಲಿ ಆ ಮಾತಿಗೆ ಸ್ವಲ್ಪ ಬಲವುಂಟು. ಆದರೆ ಐದು ವರ್ಷದ ಕೂಸಿಗೆ ಯಾವ ಪ್ರಜ್ಞಾಪರಾಧ? ಅದು ಬೆಳೆಯುವ ಪೇಟೆಯೂ ಶಾಲೆಯೂ ದಾರಿಯೂ ಆಟದ ಬಯಲೂ ಎಲ್ಲರಿಗೂ ಸಾಮಾನ್ಯವಾದುವು. ಅವನ್ನು ಕಾಯುವುದು ಪ್ರಧಾನರ ಧರ್ಮವು. ಪಾಠಶಾಲೆಗಳಲ್ಲಿ ಅಷ್ಟೌನಿಂದಿತೀಯವನ್ನು ಹೇಳುವವರು ಜನಪದೋದ್ಧ್ವಂಸನೀಯವನ್ನೂ ಅದರೊಡನೆ ಇಟ್ಟು ಹೇಳಿದರೆ, ನಿಂದೆಯು ಮಗುವಿನ ಮೇಲೆ ಬೀಳದೆ ಬೀಳತಕ್ಕಲ್ಲಿಯೇ ಬೀಳುವುದೆಂದು ನಮ್ಮ ಅಭಿಪ್ರಾಯವು.