ಹುಲ್ಲು ಹುಡುಕಿ ಬಂದವರು, ಹಂದಿ ಸಾಕಿ ಉಳಿದವರು (ಭಾಗ 5)

1239. ಹಂಗೇರಿಯ ಗಡಿಗೆ ಒಂದು ಇಡೀ ಜನಾಂಗವೇ ಬಂದು ನಿಂತಿದೆ. ಹೆಂಗಸರು, ಮಕ್ಕಳು, ಉಣ್ಣೆಯ ಗುಡಾರಗಳು. ಜೊತೆಗೆ ಎಣಿಸಲಾಗದಷ್ಟು ಕುದುರೆ, ದನ, ಕುರಿ.

ಇವರು ಕುಮನ್ನರು. ಕಪ್ಪು ಸಮುದ್ರದ ಉತ್ತರಕ್ಕಿರುವ ಹುಲ್ಲುಗಾವಲಿನವರು. ಮಂಗೋಲರ ಹೊಡೆತ ತಾಳಲಾರದೆ ಕೋಟೆನ್ ಖಾನನ ಹಿಂದೆ ಬಂದವರು. ರಾಜ 4ನೇ ಬೇಲಾ ಒಳಗೆ ಬಿಟ್ಟುಕೊಂಡ. ಅವನಿಗೂ ಲೆಕ್ಕಾಚಾರ ಇತ್ತು ಬಿಡಿ, ಅಷ್ಟೊಂದು ಕುದುರೆ ಸವಾರರು ಒಟ್ಟಿಗೇ ಇನ್ನೆಲ್ಲಿ ಸಿಗ್ತಾರೆ?

ಆದರೆ ಸವಾರ ಬಂದರೆ ಅವನ ಹಿಂಡೂ ಬರುತ್ತೆ ಅಲ್ವಾ?

ಅವರ ಊರಲ್ಲಿ ಬೇಲಿ ಇರಲಿಲ್ಲ. ಋತು ಬದಲಾದಂತೆ ಹಿಂಡು ಮುಂದೆ, ಜನ ಹಿಂದೆ. ಚಳಿಗಾಲದಲ್ಲಿ ಕುದುರೆಗಳು ಗೊರಸಿನಿಂದ ಹಿಮ ಕೆದಕಿ ಹುಲ್ಲು ಮೇಯುತ್ತಿದ್ದವು. ಅವು ಕೆದಕಿದ ಜಾಗದಲ್ಲಿ ಕುರಿಗಳು ಬಾಯಿ ಹಾಕುತ್ತಿದ್ದವು. ಹಂಗೇರಿಯಲ್ಲೋ, ನಾಲ್ಕು ಹೆಜ್ಜೆ ಹೋದರೆ ಯಾರದೋ ಗೋಧಿ ಹೊಲ, ಯಾರದೋ ದ್ರಾಕ್ಷಿ ತೋಟ. ಆ ಕಾಲದಲ್ಲೇ ಬದುಕಿದ್ದ ಪಾದ್ರಿ ರೊಜೇರಿಯಸ್, ಕುಮನ್ನರ ಹಿಂಡುಗಳು ಬೆಳೆ, ತೋಟ ಹಾಳು ಮಾಡಿದ್ದನ್ನು ಜನರ ದೊಡ್ಡ ದೂರುಗಳಲ್ಲಿ ಒಂದಾಗಿ ಬರೆದಿಟ್ಟಿದ್ದಾನೆ.

ಹೊಲಕ್ಕೆ ದನ ನುಗ್ಗಿದರೆ ಎಂಥ ಸಿಟ್ಟು ಬರುತ್ತೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ. ಆ ಸಿಟ್ಟಿಗೆ ಅನುಮಾನವೂ ಸೇರಿತು: ಇವರು ಮಂಗೋಲರ ಗೂಢಚಾರರು! 1241ರಲ್ಲಿ ಪೆಸ್ಟ್ ಪಟ್ಟಣದಲ್ಲಿ ಕೋಟೆನ್‌ನನ್ನು ಕೊಂದೇಬಿಟ್ಟರು. ಕುಮನ್ನರು ದಾರಿಯುದ್ದಕ್ಕೂ ಲೂಟಿ ಮಾಡುತ್ತಾ ಬಲ್ಗೇರಿಯಾ ಕಡೆ ಹೊರಟುಹೋದರು. ಅದೇ ಏಪ್ರಿಲ್ 11ರಂದು ಮೊಹಿ ಬಯಲಿನಲ್ಲಿ ಮಂಗೋಲರು ಹಂಗೇರಿಯ ಸೈನ್ಯವನ್ನು ನುಚ್ಚುನೂರು ಮಾಡಿದರು. ಯಾರಿಗಾಗಿ ಅವರನ್ನು ಕರೆಸಿಕೊಂಡಿದ್ದನೋ, ಆ ಶತ್ರು ಬಂದಾಗಲೇ ಆ ಸವಾರರಿಲ್ಲ.

ಮಂಗೋಲರು ಹೋದಮೇಲೆ ಬೇಲಾ ಅವರನ್ನು ಮತ್ತೆ ಕರೆದ. ಮಗನಿಗೆ ಕುಮನ್ ಹುಡುಗಿಯನ್ನೇ ತಂದುಕೊಂಡ. ಡ್ಯಾನ್ಯೂಬ್, ಟಿಸಾ ನದಿಗಳ ಬಯಲಲ್ಲಿ ಈಗ ಜನ ಕಡಿಮೆ, ಹುಲ್ಲು ಜಾಸ್ತಿ.

1279ರಲ್ಲಿ ಕಾನೂನೂ ಬಂತು: ಗುಡಾರ ಬಿಡಿ, ಊರಲ್ಲಿ ಮನೆ ಕಟ್ಟಿ, ಕ್ರೈಸ್ತರಾಗಿ. ಕಾಗದದ ಮೇಲೆ ಬರೆದ ತಕ್ಷಣ ಬದುಕು ಬದಲಾಗುತ್ತಾ? ಇಲ್ಲ. ನಿಜವಾಗಿ ಏನಾಯ್ತು ಅಂತ ತಿಳಿಯೋಕೆ ಅವರ ತಿಪ್ಪೆ ನೋಡಬೇಕು.

ಸೆಂಟ್‌ಕಿರಾಯ್ ಎಂಬ ಕುಮನ್ ಹಳ್ಳಿಯನ್ನು ಅಗೆದಾಗ ದನ, ಕುರಿ, ಕುದುರೆಗಳ ಮೂಳೆ ಸಿಕ್ಕವು. ಜೊತೆಗೆ ಹಂದಿಯದ್ದೂ! ಸ್ವಲ್ಪ ಯೋಚಿಸಿ. ಕುರಿ ನೂರಾರು ಮೈಲಿ ನಡೆಯುತ್ತೆ, ಹಂದಿ ನಡೆಯಲ್ಲ. ಅದು ಉಣ್ಣೆ ಕೊಡಲ್ಲ, ಹಾಲು ಕೊಡಲ್ಲ, ಮನೆಯ ಎಂಜಲು ತಿಂದು ಅಲ್ಲೇ ಬೆಳೆಯುತ್ತೆ. ನಾಳೆ ಗುಡಾರ ಕೀಳುವವನು ಹಂದಿ ಸಾಕಲ್ಲ. "ನಾವಿನ್ನು ಇಲ್ಲೇ" ಅಂತ ಅವರು ಎಲ್ಲೂ ಬರೆದಿಡಲಿಲ್ಲ, ಆ ಮೂಳೆ ಹೇಳುತ್ತೆ.

ಹಾಗಂತ ಹಳೆಯದೆಲ್ಲ ಬಿಟ್ಟರಾ? ಅದೂ ಇಲ್ಲ. ಚರ್ಚ್ ಒಪ್ಪದ ಕುದುರೆ ಮಾಂಸವನ್ನು ತಲೆಮಾರುಗಳ ಕಾಲ ತಿನ್ನುತ್ತಲೇ ಇದ್ದರು. ಒಂದೇ ತಿಪ್ಪೆಯಲ್ಲಿ ಹಂದಿಯೂ ಇದೆ, ಕುದುರೆಯೂ ಇದೆ.

ಕುಮನ್ ಭಾಷೆ ಬಲ್ಲವನೆಂದು ಹೆಸರಾದ ಕೊನೆಯ ವ್ಯಕ್ತಿ, ಇಷ್ಟ್‌ವಾನ್ ವಾರೋ, 1770ರಲ್ಲಿ ತೀರಿಕೊಂಡ. ಆದರೆ ಆ ಬಯಲಿನ ಹೆಸರು ಇಂದಿಗೂ ಕಿಶ್‌ಕುನ್‌ಶಾಗ್, ಅಂದರೆ ಚಿಕ್ಕ ಕುಮನ್ ನಾಡು. ದನಗಳು ಅಲ್ಲಿ ಇವತ್ತಿಗೂ ಮೇಯುತ್ತಿವೆ.

ನಿಮ್ಮ ಮನೆತನ ಊರು ಬದಲಿಸಿದಾಗ ಹಟ್ಟಿಯಿಂದ ಯಾವ ಪ್ರಾಣಿ ಹೋಯ್ತು, ಯಾವುದು ಬಂತು? ಅಜ್ಜಿಯನ್ನ ಕೇಳಿ, ಕಾಮೆಂಟ್‌ನಲ್ಲಿ ಬರೀರಿ.

#ಇತಿಹಾಸ #ಕುಮನ್ನರು #ಹಟ್ಟಿಯಕಥೆ